ಅಷ್ಟಪದಿಯ ತಾಯಿ ಸಾಯುವುದೇಕೆ?

(ದಿಲ್‌ಸುಖ್‌ನಗರದಲ್ಲಿ ಸಂಘದ ಸದಸ್ಯರ ಕುಟುಂಬ ಕೂಟದಲ್ಲಿ ಮಾಡಿದ ಭಾಷಣ)



ಬ್ಯಾಂಕಿನ ಗುಮಾಸ್ತೆಗಳಾದ ನಾವು ಲೆಕ್ಕಪತ್ರದ ಮಾತು ಬಿಟ್ಟು ಜಲಚರದ ಮಾತೆತ್ತಿಕೊಂಡುದು ಕೆಲವರಿಗೆ ಸೋಜಿಗವಾದೀತು. ಬಿ.ಕಾಂ. ಓದಿದವರಿಗೂ ಸಮುದ್ರಕ್ಕೂ ಏನು ನಂಟು? ಈ ಹೈದರಾಬಾದಿನಿಂದ ಸಮುದ್ರವೂ ಬಹಳ ದೂರ. ಆದರೆ ಈ ಪ್ರಾಣಿಯ ಕಥೆಯಲ್ಲಿ ತಾಯ್ತನದ ಜಮಾ-ಖರ್ಚು ಇದೆ. ಆದಕಾರಣ ನಮಗೂ ಅಷ್ಟಿಷ್ಟು ಅಧಿಕಾರವುಂಟೆಂದು ತಿಳಿದಿದ್ದೇವೆ. ಅಷ್ಟಪದಿ ಎಂದೊಡನೆ ಹಿರಿಯರು ಜಯದೇವ ಕವಿಯನ್ನು ನೆನೆಯಬೇಕಾಗಿಲ್ಲ. ಎಂಟು ತೋಳಿನ ಆಕ್ಟೋಪಸ್ಸನ್ನೇ ನಾವು ಹಾಗೆ ಕರೆಯುತ್ತಿರುವುದು.

ಚೇಳು ಮರಿಹಾಕಿದರೆ ಸಾಯುತ್ತದೆ, ಬಾಳೆ ಗೊನೆಬಿಟ್ಟರೆ ಸಾಯುತ್ತದೆ ಎಂಬುದು ನಮ್ಮಲ್ಲಿ ಬಹುಕಾಲದ ಮಾತು, ವಚನಗಳಲ್ಲೂ ಬಂದಿದೆ. ಬಾಳೆಯ ಮಟ್ಟಿಗೆ ಅದು ನಿಜ. ಗೊನೆ ಕೊಟ್ಟ ಗಿಡ ಮತ್ತೆ ಫಲ ಕೊಡದು, ಬುಡದಲ್ಲಿ ಕಂದುಗಳನ್ನು ಬಿಟ್ಟು ಹೋಗುತ್ತದೆ. ಚೇಳಿನ ಮಟ್ಟಿಗೆ ಮಾತ್ರ ಸುಳ್ಳು. ತಾಯಿಚೇಳು ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಅವು ಇಳಿದುಹೋದ ಮೇಲೂ ಬದುಕಿರುತ್ತದೆ. ಚೇಳಿನ ಮೇಲೆ ಹೊರಿಸಿದ ಆ ಮಾತು ಅಕ್ಷರಶಃ ಸಲ್ಲುವುದು ಅಷ್ಟಪದಿಗೆ.

ಇದು ನಮಗೆ ತೀರ ಅಪರಿಚಿತ ಪ್ರಾಣಿಯೂ ಅಲ್ಲ. ಮಂಗಳೂರು, ಮಲ್ಪೆಯ ದೋಣಿಗಳ ಬಲೆಗೆ ಬೀಳುತ್ತದೆ. ಅಮಿನಿ, ಕಡಮತ್, ಕಿಲ್ತಾನ್ ಮೊದಲಾದ ದ್ವೀಪಗಳು ಹಿಂದೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ನಾವು ರಾಜ್ಯೋತ್ಸವವೆಂದು ಕೊಂಡಾಡುವ 1956ರ ನವೆಂಬರ್ 1ರಂದೇ ಬೇರೆಯಾಗಿ, ಈಗ ಲಕ್ಷದ್ವೀಪವೆನಿಸಿಕೊಂಡಿರುವ ಕೇಂದ್ರಾಡಳಿತ ಪ್ರದೇಶದಲ್ಲಿವೆ. ಲಕ್ಷದ್ವೀಪದ ಜನ ನೀರಿಳಿದಾಗ ಹವಳದ ದಿಬ್ಬಗಳ ಮೇಲೆ ನಡೆದು, ಬಿಲದೊಳಗಿನ ಅಷ್ಟಪದಿಯನ್ನು ಸಲಾಕೆಯಿಂದ ತಿವಿದು ಹಿಡಿಯುವುದು ಹಳೆಯ ವಾಡಿಕೆ.

ಆ ಬಿಲದೊಳಗೆ ನಡೆಯುವುದೇನೆಂದರೆ, ಸಾಮಾನ್ಯ ಜಾತಿಯ ಹೆಣ್ಣು ಲಕ್ಷಕ್ಕೂ ಮಿಕ್ಕು ಮೊಟ್ಟೆಗಳನ್ನಿಡುತ್ತದೆ. ಒಂದೊಂದೂ ಅಕ್ಕಿಯ ನುಚ್ಚಿನಷ್ಟು. ಅವನ್ನು ಎಳೆ ಎಳೆಯಾಗಿ ಹೆಣೆದು ಬಿಲದ ಸೂರಿಗೆ ತೋರಣದಂತೆ ಇಳಿಬಿಡುತ್ತದೆ. ಕೋಳಿಯಂತೆ ಕಾವು ಕೊಡುವುದಿಲ್ಲ. ತೋಳುಗಳಿಂದ ಮೊಟ್ಟೆಗಳನ್ನು ಸವರಿ ಕೊಳೆ ತೆಗೆಯುತ್ತದೆ, ನೀರನ್ನು ಊದಿ ಉಸಿರಾಡಿಸುತ್ತದೆ. ಊಟ ಮಾತ್ರ ಬಿಡುತ್ತದೆ. ಏಡಿ ಎದುರಿಗೆ ಬಂದರೂ ಬೇಡ. ಬಣ್ಣ ಕುಂದಿ, ಮೈ ಬಡವಾಗಿ, ಮರಿ ಹೊರಬೀಳುವ ಹೊತ್ತಿಗೆ ಸಾಯುತ್ತದೆ. ತೊಟ್ಟಿಗಳಲ್ಲಿ ಸಾಕಿದ ಕೆಲವು ತಮ್ಮ ಚರ್ಮವನ್ನೇ ಹರಿದುಕೊಂಡು ತೋಳಿನ ತುದಿಯನ್ನೇ ತಿಂದದ್ದುಂಟು.

ಉಪವಾಸದಿಂದ ಸತ್ತಿತು, ಎಂಥ ಮಾತೃತ್ಯಾಗ ಎಂದು ಕೈಮುಗಿದು ಎದ್ದುಬಿಡಬಹುದಾಗಿತ್ತು. ಆದರೆ 1977ರಲ್ಲಿ ಅಮೆರಿಕದ ಜೆರೋಮ್ ವೊಡಿನ್‌ಸ್ಕಿ ಎಂಬ ವಿಜ್ಞಾನಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಅಷ್ಟಪದಿಯ ಕಣ್ಣುಗಳ ನಡುವೆ, ಮಿದುಳಿಗೆ ಹೊಂದಿಕೊಂಡು, ಎರಡು ಸಣ್ಣ ಗ್ರಂಥಿಗಳಿವೆ. ಮೊಟ್ಟೆ ಕಾಯುತ್ತಿದ್ದ ಹೆಣ್ಣುಗಳಿಂದ ಅವರು ಇವನ್ನು ತೆಗೆದುಹಾಕಿದರು. ತಾಯಿ ಮೊಟ್ಟೆಗಳನ್ನು ಬಿಟ್ಟಿತು, ಉಣ್ಣತೊಡಗಿತು, ಮೈತುಂಬಿಕೊಂಡಿತು, ಬಹುಕಾಲ ಬದುಕಿತು! ಎಂದರೆ ಕಾಯುವ ಆಜ್ಞೆಯೂ ಸಾಯುವ ಆಜ್ಞೆಯೂ ಒಂದೇ ಕಚೇರಿಯಿಂದ ಹೊರಡುತ್ತವೆ ಎಂದಾಯಿತು.

ಆ ಕಚೇರಿಯೊಳಗಿನ ಕಡತಗಳನ್ನು ಕ್ಲಿಫ್ಟನ್ ರಾಗ್ಸ್‌ಡೇಲ್, ಯಾನ್ ವಾಂಗ್ ಮೊದಲಾದವರು 2018ರಲ್ಲಿಯೂ 2022ರಲ್ಲಿಯೂ ತೆರೆದು ತೋರಿಸಿದರು. ಅಲ್ಲಿ ಸಿಕ್ಕಿದ್ದು ನಮಗೆಲ್ಲ ಬೇಕಾದವರೇ: ಕೊಲೆಸ್ಟರಾಲ್! ರಕ್ತಪರೀಕ್ಷೆಯ ಚೀಟಿ ನೋಡಿ ಬೆವತ ಮಹನೀಯರು ಈ ಸಭೆಯಲ್ಲೂ ಇದ್ದಾರು. ಮೊಟ್ಟೆಯಿಟ್ಟ ತಾಯಿಯಲ್ಲಿ ಈ ಗ್ರಂಥಿ ಕೊಲೆಸ್ಟರಾಲಿಗೆ ಸಂಬಂಧಿಸಿದ ರಸಗಳ ತಯಾರಿಯನ್ನು ಮೂರು ದಾರಿಗಳಲ್ಲಿ ಬದಲಾಯಿಸಿಬಿಡುತ್ತದೆ. ಆಗ ಹೆಚ್ಚಾಗುವ ವಸ್ತುಗಳಲ್ಲೊಂದು, ಹುಟ್ಟಿನಿಂದ ಬರುವ ಒಂದು ವಿರಳ ಕಾಯಿಲೆಯಿಂದ ನರಳುವ ಮನುಷ್ಯರ ಮಕ್ಕಳಲ್ಲಿಯೂ ಹೆಚ್ಚಾಗಿರುತ್ತದೆ. ಅಂಥ ಮಕ್ಕಳೂ ತಮ್ಮನ್ನು ತಾವೇ ಘಾಸಿಗೊಳಿಸಿಕೊಳ್ಳುವುದುಂಟು.

ಹೇಗೆ ಎಂಬುದಾಯಿತು, ಏಕೆ ಎಂಬುದರಲ್ಲಿ ಊಹೆಯ ಪಾಲು ಹೆಚ್ಚು. ಚಿಪ್ಪಿಲ್ಲದ ಮೆತ್ತನೆಯ ಮೈ, ಸುತ್ತಲೂ ಹಗೆಗಳು. ಎರಡನೆಯ ಸಲ ಮೊಟ್ಟೆಯಿಡಲು ಬದುಕಿ ಉಳಿದೀತೆಂಬ ಭರವಸೆಯಿಲ್ಲ. ಅಂಥ ವ್ಯಾಪಾರಿ ಕಂತಿನ ಲೆಕ್ಕ ಇಡುವುದಿಲ್ಲ. ಅಸಲನ್ನೆಲ್ಲ ಒಂದೇ ಸರಕಿಗೆ ಸುರಿಯುತ್ತಾನೆ. ಇನ್ನೊಂದು ಮಾತು ಕೇಳಲು ಕಟುವಾದದ್ದು: ಅಷ್ಟಪದಿ ತನಗಿಂತ ಸಣ್ಣ ಅಷ್ಟಪದಿಯನ್ನು ತಿನ್ನುವ ಪ್ರಾಣಿ. ಹಸಿದ ತಾಯಿ ಬದುಕಿ ಉಳಿದರೆ ಮರಿಗಳಿಗೇ ಗಂಡಾಂತರ. ಗಂಡು ಕೂಡ, ಮೊಟ್ಟೆಯ ಕಡೆ ತಿರುಗಿಯೂ ನೋಡದಿದ್ದರೂ, ಕೂಡಿದ ಕೆಲಕಾಲದಲ್ಲೇ ಸಾಯುತ್ತದೆಂಬುದನ್ನು ಮರೆಯಬಾರದು. ಆದುದರಿಂದ ತ್ಯಾಗವೆಂಬ ದೊಡ್ಡ ಮಾತನ್ನು ಇಲ್ಲಿ ಬಳಸಲು ನಮಗೆ ಮನಸ್ಸು ಬಾರದು. ಎಲ್ಲರಿಗೂ ಬಡಿಸಿ ಕಡೆಗೆ ತಣ್ಣಗಾದುದನ್ನು ಉಣ್ಣುವ ಮನೆಯಾಕೆಯನ್ನೂ ತ್ಯಾಗಮಯಿ ಎಂದು ಹೊಗಳಿ ನಾವು ಹಾಯಾಗಿ ಕೈತೊಳೆದುಕೊಳ್ಳುತ್ತೇವಷ್ಟೆ? ಆಕೆಗೆ ಅಂಥ ಗ್ರಂಥಿಯೇನೂ ಇಲ್ಲ, ಹಸಿವು ಇದೆ.

ಎಲ್ಲ ಜಾತಿಗಳಿಗೂ ಇದೇ ವಿಧಿಯೆಂದಲ್ಲ. ಪೆಸಿಫಿಕ್ ಸಾಗರದ ಒಂದು ಪಟ್ಟೆಯ ಜಾತಿ ಹಲವು ಬಾರಿ ಮೊಟ್ಟೆಯಿಡುತ್ತದೆ.

ಕಾಯುವುದರಲ್ಲಿ ಎಲ್ಲರನ್ನೂ ಮೀರಿಸಿದ ತಾಯಿಯೊಂದನ್ನು ಕ್ಯಾಲಿಫೋರ್ನಿಯದ ಮಾಂಟೆರೆ ತೀರದಾಚೆ, ಸುಮಾರು 1,400 ಮೀಟರ್ ಆಳದಲ್ಲಿ ಕಂಡರು. 2007ರಲ್ಲಿ ಬಂಡೆಗೆ ಅಂಟಿಕೊಂಡು ಮೊಟ್ಟೆ ಕಾಯುತ್ತಿತ್ತು. ಮೈಮೇಲಿನ ಕಲೆಗಳಿಂದ ಗುರುತುಹಿಡಿದು, ಯಂತ್ರವನ್ನಿಳಿಸಿ ಮತ್ತೆ ಮತ್ತೆ ನೋಡಿದರು. ಹದಿನೆಂಟು ಸಲ ನೋಡಿದರೂ ಅದೇ ಜಾಗ, ಅದೇ ಭಂಗಿ. ಏನನ್ನೂ ತಿಂದುದನ್ನು ಕಾಣಲಿಲ್ಲ. 2011ರ ಸೆಪ್ಟೆಂಬರಿನಲ್ಲಿಯೂ ಇತ್ತು. ಮುಂದಿನ ತಿಂಗಳು ಹೋದಾಗ ತಾಯಿಯಿಲ್ಲ, ಬಂಡೆಯ ಮೇಲೆ ಬರಿದಾದ ಮೊಟ್ಟೆಯ ಕವಚಗಳು. ಐವತ್ತಮೂರು ತಿಂಗಳು! ಅಲ್ಲಿಯ ನೀರು ಸುಮಾರು ಮೂರು ಡಿಗ್ರಿಯ ತಂಪು. ಅದರಿಂದ ಮೊಟ್ಟೆಯೂ ನಿಧಾನ, ಪ್ರಾಣವೂ ನಿಧಾನ.

ಅಷ್ಟಪದಿ ದಡ್ಡ ಪ್ರಾಣಿಯಲ್ಲ. ಮುಚ್ಚಳ ತಿರುಗಿಸಿ ಸೀಸೆ ತೆಗೆಯುತ್ತದೆ, ಕಲಿತದ್ದನ್ನು ನೆನಪಿಡುತ್ತದೆ. ಆದರೆ ಕಲಿತದ್ದೆಲ್ಲ ತನ್ನೊಡನೆಯೇ ಮುಗಿಯುತ್ತದೆ. ಮರಿ ತಾಯಿಯಿಂದ ಏನನ್ನೂ ಕೇಳುವಂತಿಲ್ಲ. ಪ್ರತಿ ತಲೆಮಾರೂ ಒಂದನೆಯ ಪುಟದಿಂದ ಆರಂಭಿಸಬೇಕು. ನಮ್ಮಲ್ಲಿ ಹಾಗಲ್ಲ. ಹೆತ್ತವಳು ಉಳಿಯುತ್ತಾಳೆ, ಅವಳನ್ನು ಹೆತ್ತವಳೂ ಉಳಿದಿರುತ್ತಾಳೆ. ರಾಯಚೂರಿನಿಂದಲೋ ಬಳ್ಳಾರಿಯಿಂದಲೋ ಬಾಣಂತನಕ್ಕೆಂದು ಈ ಬಡಾವಣೆಗೆ ಬಂದಿಳಿಯುವ ಅಜ್ಜಿಯಂದಿರು ಬಾಣಂತಿಗೆ ಹೊತ್ತುಹೊತ್ತಿಗೆ ಉಣ್ಣಿಸುತ್ತಾರೆ. ಹೊರಗೆ ಬೀದಿಯಲ್ಲಿ ತೆಲುಗು, ಉರ್ದು; ಒಳಗೆ ಆ ಅಜ್ಜಿ ಕೂಸನ್ನು ಕಾಲಮೇಲೆ ಮಲಗಿಸಿಕೊಂಡು ನೀರೆರೆಯುತ್ತ ಆಡುವ ಮಾತೆಲ್ಲ ಕನ್ನಡ. ಮೂರು ತಿಂಗಳಿಗೆ ಬಂದವರನ್ನು ಇನ್ನೂ ಮೂರು ತಿಂಗಳು ನಿಲ್ಲಿಸಿಕೊಳ್ಳಿರೆಂದು ಮನೆಯ ಯಜಮಾನರಲ್ಲಿ ನಮ್ಮ ಅರಿಕೆ.

ಮುಂದಿನ ಕಾರ್ಯಕ್ರಮ ಮಕ್ಕಳದು. ಆಗಲೇ ವೇಷ ತೊಟ್ಟು ಪರದೆಯ ಹಿಂದೆ ಗುಸುಗುಸು ನಡೆಸಿದ್ದಾರೆ. ಅವರನ್ನು ಇನ್ನೂ ಕಾಯಿಸುವುದು ತರವಲ್ಲ.