ಅಟ್ಲಾಂಟಿಕ್‌ನ ಬೇಟೆಗಾರ ಹಡಗು ಸ್ಟಾರ್ಲಿಂಗ್



ಎರಡನೇ ಮಹಾಯುದ್ಧದ ಹಡಗು ಅಂದರೆ ಎಲ್ಲರೂ ಬಿಸ್ಮಾರ್ಕ್ ಹೆಸರು ಹೇಳುತ್ತಾರೆ, ಹುಡ್ ಹೆಸರು ಹೇಳುತ್ತಾರೆ. ಸ್ಟಾರ್ಲಿಂಗ್ ಅಂದವರನ್ನು ನಾನು ಕಂಡದ್ದೇ ಕಡಿಮೆ. ನನ್ನ ಸಂಕಟವೇ ಅದು. ಮುನ್ನೂರು ಅಡಿ ಉದ್ದದ, ಇಪ್ಪತ್ತು ನಾಟ್ ವೇಗಕ್ಕೇ ಏದುಸಿರು ಬಿಡುತ್ತಿದ್ದ ಸ್ಲೂಪ್ ಜಾತಿಯ ಬೆಂಗಾವಲು ಹಡಗು ಅದು. ಬ್ರಿಟನ್ನಿನ ಊಟದ ತಟ್ಟೆಯನ್ನು ಕಾದದ್ದು ಇಂಥವೇ. ದ್ವೀಪ ದೇಶ ನೋಡಿ, ಗೋಧಿ, ಪೆಟ್ರೋಲು, ಮದ್ದುಗುಂಡು ಎಲ್ಲವೂ ಸಮುದ್ರ ದಾಟಿಯೇ ಬರಬೇಕು. ದಾರಿಯಲ್ಲಿ ಜರ್ಮನಿಯ ಯು-ಬೋಟ್ ಎಂಬ ಜಲಾಂತರ್ಗಾಮಿಗಳು ಹೊಂಚು ಹಾಕಿ ಕೂತಿದ್ದವು.

ಸ್ಕಾಟ್ಲೆಂಡಿನ ಗೋವನ್‌ನಲ್ಲಿ 1942ರ ಅಕ್ಟೋಬರಿನಲ್ಲಿ ಸ್ಟಾರ್ಲಿಂಗ್ ನೀರಿಗಿಳಿಯಿತು, ಮರುವರ್ಷದ ಏಪ್ರಿಲಿನಲ್ಲಿ ಸೇವೆಗೆ ಬಂತು. ಇನ್ನು ಅದರ ಕ್ಯಾಪ್ಟನ್ ಫ್ರೆಡ್ರಿಕ್ ಜಾನ್ ವಾಕರ್ ಬಗ್ಗೆ ಹೇಳದೆ ನಾನು ಮುಂದೆ ಹೋಗಲಾರೆ.

ಜಲಾಂತರ್ಗಾಮಿ ಬೇಟೆಯ ವಿದ್ಯೆಯನ್ನು ವಾಕರ್ ಯುದ್ಧಕ್ಕೆ ಎಷ್ಟೋ ಮೊದಲೇ ಕಲಿತಿದ್ದರು. ಆಗ ಆ ವಿದ್ಯೆಗೆ ಬೆಲೆ ಇರಲಿಲ್ಲ. ಜೊತೆಯವರು ಮೇಲೇರಿದರು, ವಾಕರ್‌ಗೆ ಬಡ್ತಿ ತಪ್ಪಿತು. 1941ರ ಡಿಸೆಂಬರಿನಲ್ಲಿ ಸ್ಟಾರ್ಕ್ ಎಂಬ ಹಡಗಿನಲ್ಲಿ ಜಿಬ್ರಾಲ್ಟರಿನಿಂದ ಬರುತ್ತಿದ್ದ ಸರಕು ಹಡಗುಗಳ ಸಾಲನ್ನು ಕಾಯುತ್ತ, ಅವರ ತಂಡ ನಾಲ್ಕು ಯು-ಬೋಟ್‌ಗಳನ್ನು ಮುಳುಗಿಸಿತು. ಆಮೇಲೆ ಎಲ್ಲರಿಗೂ ವಾಕರ್ ಬೇಕಾದರು!

ಅವರು ಕಂಡುಹಿಡಿದ ಉಪಾಯ ಕೇಳಿ. ನೀರಿನೊಳಗಿನ ಯು-ಬೋಟನ್ನು ಪತ್ತೆಹಚ್ಚಲು ಆಸ್ಡಿಕ್ ಇತ್ತು, ಇಂದಿನ ಸೋನಾರ್. ಬಾವಿಯೊಳಗೆ ಕೂಗಿ ಮಾರ್ದನಿ ಕೇಳಿದ ಹಾಗೆ, ಸದ್ದು ಕಳಿಸಿ ಅದು ತಿರುಗಿ ಬರುವುದನ್ನು ಆಲಿಸುವುದು. ಆದರೆ ಹಡಗು ತೀರ ಹತ್ತಿರ ಹೋದರೆ ಆ ಮಾರ್ದನಿ ಸಿಗುವುದಿಲ್ಲ. ಹಡಗು ರಭಸದಿಂದ ಬರುವ ಸದ್ದು ಕೆಳಗಿರುವ ಜರ್ಮನರಿಗೂ ಕೇಳುತ್ತದೆ, ಡೆಪ್ತ್ ಚಾರ್ಜ್ ಬಾಂಬುಗಳು ಬೀಳುವಷ್ಟರಲ್ಲಿ ಅವರು ಪಕ್ಕಕ್ಕೆ ಜಾರಿರುತ್ತಾರೆ. ವಾಕರ್ ಏನು ಮಾಡಿದರು? ಸ್ಟಾರ್ಲಿಂಗ್ ದೂರ ನಿಂತು ಆಸ್ಡಿಕ್‌ನಲ್ಲಿ ಯು-ಬೋಟನ್ನು ಹಿಡಿದುಕೊಂಡೇ ಇರುತ್ತಿತ್ತು. ಇನ್ನೊಂದು ಹಡಗು ತನ್ನ ಆಸ್ಡಿಕ್ ಆರಿಸಿ, ವಾಕರ್ ಹೇಳಿದ ದಿಕ್ಕಿನಲ್ಲಿ ಮೆಲ್ಲಗೆ ತೆವಳಿ, ಸರಿಯಾಗಿ ನೆತ್ತಿಯ ಮೇಲೆ ಬಂದು ಬಾಂಬು ಸುರಿಯುತ್ತಿತ್ತು. ಕೆಳಗಿದ್ದವರಿಗೆ ಸುಳಿವೇ ಇಲ್ಲ.

ತಾಳ್ಮೆಯೂ ಅಂಥದ್ದೇ. 1943ರ ಜೂನ್ ಮೊದಲ ದಿನ ಯು-202 ಸಿಕ್ಕಿತು. ಹಿಂದಿನ ವರ್ಷ ಅಮೆರಿಕದ ಲಾಂಗ್ ಐಲ್ಯಾಂಡ್ ದಡಕ್ಕೆ ವಿಧ್ವಂಸಕರನ್ನು ಇಳಿಸಿ ಬಂದಿದ್ದ ಯು-ಬೋಟ್ ಅದು. ಬಾಂಬು ತಾಗದಷ್ಟು ಆಳಕ್ಕೆ ಇಳಿಯಿತು. ವಾಕರ್ ಬಿಡಲಿಲ್ಲ. ಬ್ಯಾಟರಿ ಮುಗಿದರೆ, ಒಳಗೆ ಗಾಳಿ ಕೆಟ್ಟರೆ ಮೇಲೆ ಬರಲೇಬೇಕಲ್ಲ! ಹದಿನೈದು ಗಂಟೆಗಳ ಹೊತ್ತು ಬೆನ್ನುಬಿಡದೆ ಕಾದರು. ನಡುರಾತ್ರಿ ಅದು ಮೇಲೆದ್ದಿತು, ತೋಪುಗಳು ಕಾಯುತ್ತಲೇ ಇದ್ದವು. ಅದೇ ತಿಂಗಳು ಸ್ಟಾರ್ಲಿಂಗ್ ಯು-119ಕ್ಕೆ ನೇರ ಗುದ್ದಿ ಮುಳುಗಿಸಿತು. ಗುದ್ದಿದ ಏಟಿಗೆ ತನ್ನ ಮೂತಿಯೇ ಜಜ್ಜಿಹೋಯಿತು. ವಾಕರ್ ತಂಡದ ಇನ್ನೊಂದು ಹಡಗು ವೈಲ್ಡ್ ಗೂಸ್ ಹತ್ತಿ ಬೇಟೆ ಮುಂದುವರಿಸಿದರು, ವೈಲ್ಡ್ ಗೂಸ್‌ನ ಕ್ಯಾಪ್ಟನ್ ಸ್ಟಾರ್ಲಿಂಗನ್ನು ಬಂದರಿಗೆ ಒಯ್ದರು.

ಆಗಸ್ಟಿನಲ್ಲಿ ವಾಕರ್ ಮಗ ತಿಮೋತಿ ತೀರಿಕೊಂಡ. ಅವನಿದ್ದದ್ದು ಪಾರ್ಥಿಯನ್ ಎಂಬ ಬ್ರಿಟಿಷ್ ಜಲಾಂತರ್ಗಾಮಿಯಲ್ಲಿ. ಜಲಾಂತರ್ಗಾಮಿಯೊಳಗಿನ ಸಾವು ಹೇಗಿರುತ್ತದೆಂದು ಆ ತಂದೆಗೆ ಗೊತ್ತಿದ್ದಷ್ಟು ಬೇರೆ ಯಾರಿಗೆ ಗೊತ್ತಿತ್ತು? ಆದರೂ ಸಮುದ್ರಕ್ಕೆ ಮರಳಿದರು. ಇದನ್ನು ನೆನೆದರೆ ನನಗೆ ಈಗಲೂ ಗಂಟಲು ಕಟ್ಟುತ್ತದೆ.

1944ರ ಜನವರಿ ಕೊನೆಯಿಂದ ಫೆಬ್ರವರಿವರೆಗೆ ಒಂದೇ ಯಾನದಲ್ಲಿ ಅವರ ತಂಡ ಆರು ಯು-ಬೋಟ್ ಮುಳುಗಿಸಿತು. ಲಿವರ್‌ಪೂಲ್‌ನ ಗ್ಲಾಡ್‌ಸ್ಟನ್ ಡಾಕ್‌ಗೆ ಸ್ಟಾರ್ಲಿಂಗ್ ಬಂದಾಗ ಜನ ಕಿಕ್ಕಿರಿದು ಜೈಕಾರ ಹಾಕಿದರು. ಬಂದರಿಗೆ ಬರುವಾಗ ಹಳೆಯ ಬೇಟೆ ಹಾಡೊಂದನ್ನು ಹಡಗಿನ ಧ್ವನಿವರ್ಧಕದಲ್ಲಿ ಹಾಕಿಸುವುದು ವಾಕರ್ ರೂಢಿ. ಆದರೆ ಆ ಯಾನದಲ್ಲಿ ತಂಡದ ವುಡ್‌ಪೆಕರ್ ಎಂಬ ಹಡಗು ಟಾರ್ಪಿಡೊ ಏಟು ತಿಂದು, ಎಳೆದು ತರುವಾಗ ಮುಳುಗಿತು.

ಆಮೇಲೆ ಆರ್ಕ್ಟಿಕ್ ದಾರಿಯ ಸರಕು ಹಡಗುಗಳ ಕಾವಲು, ಮಿತ್ರಪಡೆಗಳು ಫ್ರಾನ್ಸಿನ ನಾರ್ಮಂಡಿ ದಡಕ್ಕೆ ಇಳಿದ ಹೊತ್ತಿನ ಕಾವಲು. ವಾಕರ್ ನಿದ್ದೆ ಬಿಟ್ಟು ಮೈ ಸವೆಸಿದ್ದರು. ಶತ್ರುವಿನ ಟಾರ್ಪಿಡೊ ತಾಗದ ಮನುಷ್ಯ 1944ರ ಜುಲೈ 9ರಂದು, ಬರೀ 48ನೇ ವಯಸ್ಸಿಗೆ, ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಆಸ್ಪತ್ರೆಯಲ್ಲಿ ಹೋದರು. ಸಮುದ್ರದಲ್ಲೇ ಅಂತ್ಯಸಂಸ್ಕಾರವಾಯಿತು. ದೇಹ ಒಯ್ದದ್ದು ಹೆಸ್ಪೆರಸ್ ಎಂಬ ಬೇರೆ ಹಡಗು, ಅವರ ತಂಡ ಆಗಲೂ ಕೆಲಸದ ಮೇಲೇ ಇತ್ತು.

ಯುದ್ಧ ಮುಗಿದ ಮೇಲೆ ಸ್ಟಾರ್ಲಿಂಗ್ ತರಬೇತಿ ಹಡಗಾಯಿತು, 1965ರಲ್ಲಿ ಗುಜರಿಗೆ ಹೋಯಿತು. ಅಂಥ ಹಡಗನ್ನು ಒಡೆದು ಮಾರಿದರಲ್ಲ ಎಂಬ ಸಿಟ್ಟು ನನಗೆ ಹೋಗಿಲ್ಲ.

ಇದೇ ಮಾದರಿಯ ಹಡಗು ನಮ್ಮಲ್ಲೂ ಇತ್ತು, ಹೆಸರು ಕಾವೇರಿ! 1943ರಲ್ಲಿ ನೀರಿಗಿಳಿದದ್ದು. ಸ್ವತಂತ್ರ ಭಾರತದ ನೌಕಾಪಡೆಯಲ್ಲೂ ದುಡಿಯಿತು, 1961ರ ಗೋವಾ ವಿಮೋಚನೆಯಲ್ಲಿ ಬೆತ್ವಾ, ಬಿಯಾಸ್ ಹಡಗುಗಳ ಜೊತೆ ನಿಂತಿತ್ತು. ಕಾವೇರಿಯಲ್ಲಿ ಕೆಲಸ ಮಾಡಿದ ಹಿರಿಯರು ನಿಮ್ಮ ಊರಲ್ಲಿ ಯಾರಾದರೂ ಇದ್ದರೆ, ಈ ವಾರವೇ ಹೋಗಿ ಮಾತನಾಡಿಸಿ, ಹೇಳಿದ್ದನ್ನೆಲ್ಲ ಬರೆದುಕೊಳ್ಳಿ.