ಕಿವಿಗೆ 16 ಸಾವಿರ, ಸ್ಪೇರ್ ಇಲ್ಲ



ನಾಳೆ ಗಣೇಶ ಚತುರ್ಥಿ. ಬೆಳಗ್ಗೆಯಿಂದ ನಮ್ಮ ಚಾನೆಲ್‌ನಲ್ಲೂ ಅದೇ. ಹೂವಿನ ರೇಟು, ಬಾಳೆಕಂದಿನ ರೇಟು, ಪೆಂಡಾಲಿಗೆ ಪರ್ಮಿಷನ್ನು. ಡಿಜೆ ಬೇಕು ಅನ್ನೋರನ್ನ ಒಂದು ಕಡೆ, ಬೇಡ ಅನ್ನೋರನ್ನ ಇನ್ನೊಂದು ಕಡೆ ಕೂರಿಸಿ ಮಧ್ಯಾಹ್ನ ಒಂದು ಗಂಟೆ ಚರ್ಚೆ ಮಾಡಿದ್ವಿ. ಐದು ಜನ ಒಟ್ಟಿಗೆ ಕೂಗಿದರು, ಆರನೆಯವನು ನಾನು. ಯಾರು ಏನಂದರು ಅಂತ ಈಗ ಕೇಳಿದ್ರೆ ನನಗೇ ನೆನಪಿಲ್ಲ.

ಈ ಗಲಾಟೆಯಲ್ಲಿ ಒಂದು ಸುದ್ದಿಯನ್ನ ನಾವು ನಿಮಗೆ ಹೇಳಲೇ ಇಲ್ಲ. 2025ರ ಆಗಸ್ಟ್ 16ರಂದು, ಅಮೆರಿಕದಲ್ಲಿ ಒಬ್ಬ ವಿಜ್ಞಾನಿ ತೀರಿಕೊಂಡರು. ಹೆಸರು ಜೇಮ್ಸ್ ಹಡ್‌ಸ್ಪೆತ್. 79 ವರ್ಷ. ಕೆಳಗೆ ಓಡುವ ಸ್ಕ್ರೋಲ್‌ನಲ್ಲಿ ಕೂಡ ಅವರ ಹೆಸರು ಹೋಗಲಿಲ್ಲ. ತಪ್ಪು ನಮ್ಮದೇ. ಇವತ್ತಿನ ಮಾತು ಅವರ ಬಗ್ಗೆ. ಸ್ವಲ್ಪ ನನ್ನ ಬಗ್ಗೆನೂ ಹೌದು. ಮೊದಲು ಅದನ್ನೇ ಹೇಳಿ ಮುಗಿಸ್ತೀನಿ.

ನನ್ನ ಬಲಗಿವಿಯಲ್ಲಿ ಒಂದು ಇಯರ್‌ಪೀಸ್ ಇರುತ್ತೆ, ನೀವು ನೋಡಿರ್ತೀರಿ. 18 ವರ್ಷದಿಂದ ಇದೆ. ನಾನು ನಿಮ್ಮ ಜೊತೆ ಮಾತಾಡ್ತಾ ಇರುವಾಗಲೇ ಆ ಕಿವಿಯಲ್ಲಿ ಪಿಸಿಆರ್‌ನಿಂದ ಪ್ರೊಡ್ಯೂಸರ್ ಮಾತಾಡ್ತಾ ಇರ್ತಾರೆ. ಮಾತಾಡ್ತಾರೆ ಅಂದರೆ ಕೂಗ್ತಾರೆ. 'ಸರ್ ಫೋನೋ ರೆಡಿ', 'ಸರ್ ವಿಷುಯಲ್ ಬಂತು', 'ಬ್ರೇಕ್ ಸರ್, ಬ್ರೇಕ್, ಬ್ರೇಕ್!' ಸ್ಟುಡಿಯೋದಲ್ಲಿ ಐದು ಜನ ಕಿರುಚುವಾಗ ಅದು ಕೇಳಿಸಬೇಕಲ್ಲ, ವಾಲ್ಯೂಮ್ ಏರಿಸ್ತೀನಿ. ಹೀಗೆ ಏರಿಸ್ತಾ ಏರಿಸ್ತಾ ಬಂದವನು ನಾನೇ, ಬೇರೆ ಯಾರೂ ಅಲ್ಲ.

ಎರಡು ವರ್ಷದ ಹಿಂದೆ ಶುರುವಾಯ್ತು. ರಾತ್ರಿ ಮಲಗಿದಾಗ ಬಲಗಿವಿಯಲ್ಲಿ 'ಕುಯ್' ಅಂತ ಒಂದು ಸದ್ದು. ಫ್ಯಾನ್ ಆಫ್ ಮಾಡಿದೆ, ಫ್ರಿಜ್ ಆಫ್ ಮಾಡಿಸಿದೆ, ಹೋಗಲಿಲ್ಲ. 'ಮನೆಯಲ್ಲಿ ಯಾವ ಸದ್ದೂ ಇಲ್ಲಾರೀ, ಮಲಗಿ' ಅಂದ್ಲು ಹೆಂಡತಿ. ಕೊನೆಗೆ ಕಿವಿ ಪರೀಕ್ಷೆಗೆ ಹೋದೆ. ಗಾಜಿನ ಗೂಡಿನೊಳಗೆ ಕೂರಿಸಿ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗಲೆಲ್ಲ ಬಟನ್ ಒತ್ತಿ ಅಂದರು. ಗ್ರಾಫ್ ತೆಗೆದು ಆ ಹುಡುಗಿ, ಆಡಿಯಾಲಜಿಸ್ಟ್, ತೋರಿಸಿದಳು. ಎಲ್ಲಾ ಕಡೆ ಗೆರೆ ಮೇಲೆ ಹೋಗ್ತಿದೆ, 4,000 ಹರ್ಟ್ಸ್ ಹತ್ತಿರ ಮಾತ್ರ ಗುಂಡಿಗೆ ಬಿದ್ದ ಹಾಗೆ ಕೆಳಗೆ ಇಳಿದು ಮತ್ತೆ ಏರಿದೆ. 'ಜಾಸ್ತಿ ಸದ್ದಿನ ಜಾಗದಲ್ಲಿ ಕೆಲಸ ಮಾಡ್ತೀರಾ ಸರ್?' ಅಂದಳು. ಕಾರ್ಖಾನೆಯವರ ಕಿವಿಯಲ್ಲಿ ಬರೋ ಗುಂಡಿ ಅಂತೆ ಅದು. ಅವಳು ಟಿವಿ ನೋಡಲ್ಲ, ನನ್ನನ್ನ ಯಾವುದೋ ಫ್ಯಾಕ್ಟರಿ ಸೂಪರ್‌ವೈಸರ್ ಅಂದುಕೊಂಡಿದ್ದಳು. 'ಏನಮ್ಮಾ, ಇದಕ್ಕೆ ಮಾತ್ರೆ, ಡ್ರಾಪ್ಸ್ ಏನಾದ್ರೂ ಇದೆಯಾ?' ಅಂದೆ. 'ಇಲ್ಲ ಸರ್. ಹೋಗಿದ್ದು ಹೋಯ್ತು. ಇರೋದನ್ನ ಉಳಿಸಿಕೊಳ್ಳಿ.'

ಹೋಗಿದ್ದು ಏನು? ಅದನ್ನ ಓದೋಕೆ ಕೂತಾಗಲೇ ಹಡ್‌ಸ್ಪೆತ್ ಹೆಸರು ಸಿಕ್ಕಿದ್ದು.

ಮನುಷ್ಯನ ಒಳಗಿವಿಯಲ್ಲಿ ಕಾಕ್ಲಿಯಾ ಅಂತ ಒಂದು ಸುರುಳಿ ಇದೆ. ಬಸವನಹುಳುವಿನ ಚಿಪ್ಪಿನ ಆಕಾರ, ಕಡಲೆಕಾಳಿನ ಗಾತ್ರ. ಅದರೊಳಗೆ ದ್ರವ. ಆ ದ್ರವದಲ್ಲಿ ಸಾಲಾಗಿ ನಿಂತಿರುವ ಜೀವಕೋಶಗಳಿಗೆ ರೋಮಕೋಶ ಅಂತಾರೆ, ಇಂಗ್ಲಿಷಿನಲ್ಲಿ ಹೇರ್ ಸೆಲ್. ತಲೆಗೂದಲಿಗೂ ಇದಕ್ಕೂ ಸಂಬಂಧ ಇಲ್ಲ. ಪ್ರತಿ ಕೋಶದ ನೆತ್ತಿಯ ಮೇಲೆ ಎಳೆ ಎಳೆಯಾಗಿ ಒಂದು ಪುಟ್ಟ ಕಂತೆ, ಮೆಟ್ಟಿಲಿನ ಹಾಗೆ ಗಿಡ್ಡದಿಂದ ಎತ್ತರಕ್ಕೆ ಜೋಡಿಸಿದ್ದು. ನಾನು ಮಾತಾಡಿದೆ, ಗಾಳಿ ಅಲುಗಿತು, ನಿಮ್ಮ ಕಿವಿಯ ತಮಟೆ ಅಲುಗಿತು, ಅದರ ಹಿಂದಿನ ಮೂರು ಪುಟ್ಟ ಮೂಳೆ ಅಲುಗಿದವು, ದ್ರವ ಅಲುಗಿತು, ಕಂತೆ ಬಾಗಿತು. ಬಾಗಿದ ತಕ್ಷಣ ಆ ಕೋಶ ಮಿದುಳಿಗೆ ಸುದ್ದಿ ಕಳಿಸುತ್ತೆ. ನಾವು ಕೇಳಿದ ತಾಯಿಯ ಜೋಗುಳ, ಮಳೆ ಸದ್ದು, ಪಕ್ಕದ ಮನೆ ಜಗಳ, ಎಲ್ಲಾ ಬಂದಿದ್ದು ಇದೇ ದಾರಿಯಲ್ಲಿ.

ಎಷ್ಟಿವೆ ಗೊತ್ತಾ ಈ ಕೋಶಗಳು? ಒಂದು ಕಿವಿಗೆ ಸುಮಾರು 16 ಸಾವಿರ. ಕಣ್ಣಿನಲ್ಲಿ ಬೆಳಕು ಹಿಡಿಯೋ ಕೋಶಗಳು ಹತ್ತು ಕೋಟಿಗೂ ಹೆಚ್ಚು. ಕಿವಿಗೆ ಹದಿನಾರೇ ಸಾವಿರ. ಒಂದು ಹೋಬಳಿಯ ಜನಸಂಖ್ಯೆಯಷ್ಟೂ ಇಲ್ಲ! ತಾಯಿಯ ಹೊಟ್ಟೆಯಲ್ಲಿರುವಾಗಲೇ ಆಗಿಬಿಡುತ್ತವೆ. ಆಮೇಲೆ ಒಂದು ಸತ್ತರೆ ಅದರ ಜಾಗಕ್ಕೆ ಇನ್ನೊಂದು ಬರಲ್ಲ.

ಈ ಒಂದು ಕೋಶದ ಹಿಂದೆ ಸುಮಾರು ಐವತ್ತು ವರ್ಷ ಕೂತವರು ಹಡ್‌ಸ್ಪೆತ್.

ಟೆಕ್ಸಾಸ್‌ನ ಹ್ಯೂಸ್ಟನ್‌ನಲ್ಲಿ 1945ರಲ್ಲಿ ಹುಟ್ಟಿದ ಹುಡುಗ. ತುಂಟ. ಅಪಾಯಕಾರಿ ಕೆಮಿಕಲ್ ಬೆರೆಸಿದ, ಇನ್ನೂ ಏನೇನೋ ಚೇಷ್ಟೆ ಮಾಡಿದ ಅಂತ ಹೈಸ್ಕೂಲಿನಿಂದಲೇ ಹೊರಗೆ ಹಾಕಿದರು. ನಮ್ಮಲ್ಲಾಗಿದ್ರೆ ಅಪ್ಪ ಬೆಲ್ಟ್ ತೆಗೀತಿದ್ರು. ಈತ ಹೋಗಿ ನರವಿಜ್ಞಾನಿಯೊಬ್ಬರ ಲ್ಯಾಬ್‌ನಲ್ಲಿ ಟೆಕ್ನಿಷಿಯನ್ ಆಗಿ ಸೇರಿಕೊಂಡ. ಅಲ್ಲಿಂದ ಹಾರ್ವರ್ಡ್. ಪದವಿ ಮುಗಿದಿದ್ದು 1967ರಲ್ಲಿ, ವಿಯೆಟ್ನಾಂ ಯುದ್ಧದ ಕಾಲ. ಸೈನ್ಯಕ್ಕೆ ಎಳೆದುಕೊಂಡು ಹೋಗಬಾರದು ಅಂತ ನರವಿಜ್ಞಾನದ ಸಂಶೋಧನೆಗೆ ಸೇರಿದರು. ಒಂದು ವರ್ಷಕ್ಕೆ ಸರ್ಕಾರ ನಿಯಮ ಬದಲಿಸಿತು, ಮೆಡಿಕಲ್ ಓದಿದ್ರೆ ಮಾತ್ರ ವಿನಾಯಿತಿ ಅಂತು. ಸರಿ, ಮೆಡಿಕಲ್ಲೂ ಓದಿದರು. ಹೀಗೆ ಪಿಎಚ್‌ಡಿ ಒಂದು, ಎಂಡಿ ಒಂದು.

1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್‌ನಲ್ಲಿ ಕೆಲಸ ಸಿಕ್ತು. ಆಗ ಕಿವಿಯ ಬಗ್ಗೆ ದೊಡ್ಡ ಪ್ರಶ್ನೆ ಹಾಗೇ ಉಳಿದಿತ್ತು. ಅಲುಗಾಟ ಕರೆಂಟ್ ಆಗೋದು ಎಲ್ಲಿ, ಹೇಗೆ? ಮನುಷ್ಯನ ಕಾಕ್ಲಿಯಾ ತಲೆಬುರುಡೆಯ ಅತ್ಯಂತ ಗಟ್ಟಿ ಮೂಳೆಯೊಳಗೆ ಹೂತಿದೆ, ಕೈಗೆ ಸಿಗಲ್ಲ. ಹಡ್‌ಸ್ಪೆತ್ ಹಿಡಿದಿದ್ದು ಗೂಳಿಗಪ್ಪೆಯನ್ನ. ಕಪ್ಪೆಯ ಒಳಗಿವಿಯಿಂದ ಒಂದು ಚೂರು ತೆಗೆದು ತಟ್ಟೆಯಲ್ಲಿ ಜೀವಂತ ಇಟ್ಟರು. ಗಾಜಿನ ಸಣ್ಣ ಕಡ್ಡಿಯಿಂದ ಒಂದೇ ಒಂದು ಕೋಶದ ಕಂತೆಯನ್ನ ತಳ್ಳಿದರು. ಎತ್ತರದ ಎಳೆಗಳ ಕಡೆ ತಳ್ಳಿದ್ರೆ ಕರೆಂಟ್ ಹೆಚ್ಚು. ಗಿಡ್ಡ ಎಳೆಗಳ ಕಡೆ ತಳ್ಳಿದ್ರೆ ಕಡಿಮೆ. ಪಕ್ಕಕ್ಕೆ ತಳ್ಳಿದ್ರೆ ಏನೂ ಇಲ್ಲ. 1977ರಲ್ಲಿ ತಮ್ಮ ವಿದ್ಯಾರ್ಥಿ ಡೇವಿಡ್ ಕೋರಿ ಜೊತೆ ಇದನ್ನ ಪ್ರಕಟಿಸಿದರು.

ಆಮೇಲೆ ವೇಗ ಅಳೆದರು. ಸೆಕೆಂಡನ್ನ ಹತ್ತು ಲಕ್ಷ ಭಾಗ ಮಾಡಿ, ಅದರಲ್ಲಿ ಕೆಲವೇ ಹತ್ತು ಭಾಗದೊಳಗೆ ಕೋಶದ ಬಾಗಿಲು ತೆಗೀತಿತ್ತು. ಕಣ್ಣಿನಲ್ಲಿ ಬೆಳಕು ಬಿದ್ದ ಮೇಲೆ ಒಂದರ ಹಿಂದೆ ಒಂದು ರಾಸಾಯನಿಕ ಕ್ರಿಯೆ ನಡೆದು ಸುದ್ದಿ ಹೋಗುತ್ತೆ, ಅದಕ್ಕೆ ಟೈಮ್ ಬೇಕು. ಅದಕ್ಕೇ ಟಿವಿಯಲ್ಲಿ ಸೆಕೆಂಡಿಗೆ 25 ಚಿತ್ರ ತೋರಿಸಿದ್ರೆ ನಿಮ್ಮ ಕಣ್ಣು ಮೋಸ ಹೋಗುತ್ತೆ, ನಾನು ಅಲುಗಾಡ್ತಿದ್ದೀನಿ ಅಂದುಕೊಳ್ಳುತ್ತೆ. ಕಿವಿ ಹಾಗೆ ಮೋಸ ಹೋಗಲ್ಲ. ಸೆಕೆಂಡಿಗೆ 20 ಸಾವಿರ ಕಂಪನದವರೆಗೂ ಹಿಡಿಯುತ್ತೆ. ಇಷ್ಟು ವೇಗಕ್ಕೆ ರಾಸಾಯನಿಕ ಸಾಲದು, ಬಾಗಿಲನ್ನ ನೇರವಾಗಿ ಯಾರೋ ಎಳೀತಿರಬೇಕು, ಒಂದು ಸ್ಪ್ರಿಂಗ್ ಇರಬೇಕು ಅಂದರು ಹಡ್‌ಸ್ಪೆತ್. 1984ರಲ್ಲಿ ಬ್ರಿಟನ್ನಿನ ಪಿಕಲ್ಸ್ ಅನ್ನೋ ವಿಜ್ಞಾನಿಯ ತಂಡ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದ್ರೆ, ಗಿಡ್ಡ ಎಳೆಯ ತುದಿಯಿಂದ ಪಕ್ಕದ ಎತ್ತರದ ಎಳೆಗೆ ಕಟ್ಟಿದ ದಾರ! ಕಂತೆ ಬಾಗಿದರೆ ದಾರ ಬಿಗಿಯುತ್ತೆ, ಬಾಗಿಲು ತೆರೆಯುತ್ತೆ. ಅಷ್ಟೇ ಉಪಾಯ. ಕೇಳಿಸೋದೇ ಕಷ್ಟ ಅನ್ನುವಷ್ಟು ಸಣ್ಣ ಸದ್ದಿಗೆ ಆ ಕಂತೆ ಬಾಗೋದು ಎಷ್ಟು ಅಂತೀರಿ? ಹೆಚ್ಚುಕಡಿಮೆ ಒಂದು ಪರಮಾಣುವಿನ ಅಗಲದಷ್ಟು.

ಇಂಥ ವಸ್ತುವಿನ ಮುಂದೆ ನಾವು ಡಿಜೆ ಬಾಕ್ಸ್ ತಂದು ನಿಲ್ಲಿಸ್ತೀವಿ. ಎದೆ ನಡುಗಬೇಕು ಅಂತೀವಿ.

ಸ್ವಲ್ಪ ಲೆಕ್ಕ ಕೇಳಿ. 85 ಡೆಸಿಬಲ್ ಸದ್ದನ್ನ ದಿನಕ್ಕೆ 8 ಗಂಟೆ ತಡೆದುಕೊಳ್ಳಬಹುದು ಅಂತ ತಜ್ಞರ ಲೆಕ್ಕ. ಡೆಸಿಬಲ್ ಅನ್ನೋದು ತರಕಾರಿ ತೂಕದ ಹಾಗಲ್ಲ, ಮೂರು ಏರಿದರೆ ಸದ್ದಿನ ಶಕ್ತಿ ಡಬಲ್. ಹಾಗಾಗಿ 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ. 100 ಡೆಸಿಬಲ್‌ಗೆ ಕಾಲು ಗಂಟೆ. ಮೆರವಣಿಗೆಯಲ್ಲಿ ಬಾಕ್ಸಿನ ಮುಂದೆ ಮಗುವನ್ನ ಹೆಗಲ ಮೇಲೆ ಕೂರಿಸಿಕೊಂಡು ನಾವು ಕುಣಿಯೋದು ಎಷ್ಟು ಹೊತ್ತು? ಮಾರನೇ ದಿನ ಕಿವಿ ಗುಂಯ್ ಅನ್ನುತ್ತೆ, ಸಂಜೆಗೆ ಸರಿಹೋಗುತ್ತೆ, ಏನೂ ಆಗಿಲ್ಲ ಅಂದುಕೊಳ್ತೀವಿ. ಸರ್ಕಾರದ ನಿಯಮ 2000ನೇ ಇಸವಿಯಿಂದ ಇದೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಇಲ್ಲ, ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್. ಕಾಗದದ ಮೇಲೆ ನಾವು ಬಹಳ ಶಾಂತ ಜನ.

ಇದನ್ನ ಯಾವ ಧರ್ಮದ ಹಬ್ಬಕ್ಕೂ ಅಂಟಿಸಬೇಡಿ ದಯವಿಟ್ಟು. ಮದುವೆ ಛತ್ರ, ರಾಜಕೀಯ ರೋಡ್ ಶೋ, ಮಕ್ಕಳ ಕಿವಿಯ ಇಯರ್‌ಫೋನ್, ನನ್ನ ಈ ಇಯರ್‌ಪೀಸ್, ರೋಮಕೋಶಕ್ಕೆ ಎಲ್ಲಾ ಒಂದೇ. ಮೊದಲು ಹೋಗೋದು ಕಾಕ್ಲಿಯಾದ ಬುಡದವು, ಕೀರಲು ಸದ್ದನ್ನ ಹಿಡಿಯೋವು. ಅವು ಹೋದರೆ ಸ, ಶ, ತ, ಫ ಅನ್ನೋ ಅಕ್ಷರಗಳು ಮಸುಕಾಗುತ್ತವೆ. ಮನೆಯಲ್ಲಿ ಅಜ್ಜ ಹೇಳ್ತಾರಲ್ಲ, 'ಕೂಗಬೇಡ ಕಣೋ, ಬಿಡಿಸಿ ಹೇಳು' ಅಂತ. ನಾವು ನಗ್ತೀವಿ, ತಮಗೆ ಬೇಕಾದ್ದು ಮಾತ್ರ ಕೇಳಿಸುತ್ತೆ ಅಂತ ಅಣಕಿಸ್ತೀವಿ. ಅವರು ಹೇಳ್ತಿರೋದು ಅಕ್ಷರಶಃ ನಿಜ ಕಣ್ರೀ. ಸದ್ದು ತಲುಪುತ್ತೆ, ಮಾತು ತಲುಪಲ್ಲ. ಜಗತ್ತಿನಲ್ಲಿ ಹೀಗೆ ಚಿಕಿತ್ಸೆ, ನೆರವು ಬೇಕಾದಷ್ಟು ಕಿವಿ ಮಂದವಾದವರು 43 ಕೋಟಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲೇ ಹೇಳಿದೆ.

ಈಗ ನಿಮ್ಮ ಪ್ರಶ್ನೆ, ನನ್ನದೂ ಅದೇ: ಐವತ್ತು ವರ್ಷ ಕೂತರಲ್ಲ, ಕೋಶ ಮತ್ತೆ ಬೆಳೆಸೋಕೆ ಆಯ್ತಾ?

ಕೋಳಿಗೆ ಬೆಳೆಯುತ್ತೆ. ತಮಾಷೆ ಅಲ್ಲ. 1980ರ ದಶಕದ ಕೊನೆಗೆ ಅಮೆರಿಕದ ಎರಡು ತಂಡಗಳು ಕಂಡುಹಿಡಿದವು. ಜೋರು ಸದ್ದಿನಿಂದ ಹಕ್ಕಿಯ ರೋಮಕೋಶ ಸತ್ತರೆ ಕೆಲವೇ ವಾರದಲ್ಲಿ ಹೊಸದು ಹುಟ್ಟುತ್ತೆ. ಮೀನಿಗೂ ಹುಟ್ಟುತ್ತೆ. ಕಪ್ಪೆಗೂ. ಸಸ್ತನಿಗಳಿಗೆ, ಅಂದರೆ ನಮಗೆ, ಇಲ್ಲ. ಕೋಶದ ಪಕ್ಕದಲ್ಲೇ ಆಸರೆಗೆ ನಿಂತಿರುವ ಬೇರೆ ಕೋಶಗಳಿವೆ. ಹಕ್ಕಿಯಲ್ಲಿ ಅವೇ ಒಡೆದು ಎರಡಾಗಿ ಹೊಸ ರೋಮಕೋಶ ಆಗುತ್ತವೆ. ನಮ್ಮಲ್ಲಿ ಅವುಗಳಿಗೆ ಬ್ರೇಕ್ ಬಿದ್ದಿದೆ. ಆ ಬ್ರೇಕ್ ಸಡಿಲ ಮಾಡೋ ರಾಸಾಯನಿಕ ಹುಡುಕೋದಕ್ಕೆ ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಹಡ್‌ಸ್ಪೆತ್ ಲ್ಯಾಬ್ ವರ್ಷಗಟ್ಟಲೆ ಮಣ್ಣು ಹೊತ್ತಿದೆ. ಇಲಿಯ ಒಳಗಿವಿಯ ಚೂರಿನಲ್ಲಿ, ತಟ್ಟೆಯ ಮೇಲೆ, ಆಸರೆ ಕೋಶಗಳು ಮತ್ತೆ ಒಡೆಯೋ ಹಾಗೆ ಮಾಡಿದರು. ಅಲ್ಲಿಂದ ನನ್ನ ಬಲಗಿವಿಗೆ ಬಹಳ ದೂರ ಇದೆ.

ಒಂದು ಒಳ್ಳೆ ಸುದ್ದಿನೂ ಇದೆ, ಆದರೆ ಅದು ಬೇರೆ ರೀತಿಯ ಕಿವುಡಿಗೆ. 2018ರಲ್ಲಿ ನಾರ್ವೆಯ ಕಾವ್ಲಿ ಪ್ರಶಸ್ತಿಯನ್ನ ಹಡ್‌ಸ್ಪೆತ್ ಜೊತೆ ಇಬ್ಬರು ಹಂಚಿಕೊಂಡರು. ಒಬ್ಬರು ಆಮೆಯ ಕಿವಿ ಹಿಡಿದು ಕೂತ ರಾಬರ್ಟ್ ಫೆಟ್ಟಿಪ್ಲೇಸ್, ಇನ್ನೊಬ್ಬರು ಫ್ರಾನ್ಸ್‌ನ ಕ್ರಿಸ್ಟೀನ್ ಪೆಟಿ. ಹುಟ್ಟುಕಿವುಡಿಗೆ ಕಾರಣವಾಗೋ ಜೀನ್‌ಗಳನ್ನ ಹುಡುಕಿದವರು ಪೆಟಿ. ಅದರಲ್ಲಿ ಆಟೋಫರ್ಲಿನ್ ಅನ್ನೋ ಪ್ರೊಟೀನಿನ ಜೀನ್ ಒಂದು, 1999ರಲ್ಲಿ ಅವರ ತಂಡಕ್ಕೆ ಸಿಕ್ಕಿದ್ದು. ಅದು ಕೆಟ್ಟಿದ್ದರೆ ರೋಮಕೋಶ ಬದುಕಿರುತ್ತೆ, ಆದರೆ ನರಕ್ಕೆ ಸುದ್ದಿ ದಾಟಿಸಲ್ಲ. ಚೀನಾದ ಶಾಂಘೈನಲ್ಲಿ ಅಂಥ ಆರು ಮಕ್ಕಳ ಕಿವಿಗೆ ಸರಿಯಾದ ಜೀನ್ ಹಾಕಿದರು. ಐವರಿಗೆ ಕೇಳಿಸೋಕೆ ಶುರುವಾಯ್ತು, 2024ರಲ್ಲಿ ವರದಿ ಬಂತು. ಜೀನ್ ಸಿಕ್ಕಿದ ದಿನಕ್ಕೂ ಮಗು ತಿರುಗಿ ನೋಡಿದ ದಿನಕ್ಕೂ ನಡುವೆ ಸುಮಾರು 25 ವರ್ಷ. ಅದಕ್ಕೇ ಮನೆಯಲ್ಲಿ ಮಗು ಕರೆದರೆ ತಿರುಗಲ್ಲ ಅನ್ನಿಸಿದ್ರೆ, 'ನಿಧಾನವಾಗಿ ಬರುತ್ತೆ ಬಿಡಿ' ಅಂತ ಕಾಯಬೇಡಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ, ನಮ್ಮವರು ಆಯಿಷ್ ಅಂತಾರೆ, 1960ರ ದಶಕದಿಂದ ಇದೇ ಕೆಲಸ ಮಾಡ್ತಿದೆ. ಕರ್ಕೊಂಡು ಹೋಗಿ.

ಕೊನೆಯ ವರ್ಷಗಳಲ್ಲಿ ಹಡ್‌ಸ್ಪೆತ್ ತಂಡ ಇನ್ನೊಂದು ಕೆಲಸ ಮಾಡಿತು. ಜರ್ಬಿಲ್ ಅನ್ನೋ ಮರಳುಗಾಡಿನ ಇಲಿಯ ಕಾಕ್ಲಿಯಾದ ಒಂದು ಚೂರನ್ನ ದೇಹದಿಂದ ಹೊರಗೆ ಜೀವಂತ ಇಟ್ಟು, ಸದ್ದು ಕೇಳಿಸಿ, ಅದು ಸಣ್ಣ ಸದ್ದನ್ನ ತಾನೇ ಹಿಗ್ಗಿಸಿಕೊಳ್ಳೋದನ್ನ ಅಳೆದರು. ಕಿವಿ ಬರೀ ಕೇಳಿಸಿಕೊಳ್ಳಲ್ಲ, ಒಳಗೆ ಅದಕ್ಕೊಂದು ಆಂಪ್ಲಿಫೈಯರ್ ಇದೆ ಅಂತ ಅವರು ದಶಕಗಳಿಂದ ವಾದ ಮಾಡಿದ್ದರು. ಅದು ರೋಮಕೋಶದ ಯಾವ ಭಾಗದಲ್ಲಿದೆ ಅಂತ ಬೇರೆ ವಿಜ್ಞಾನಿಗಳ ಜೊತೆ ಭಿನ್ನಾಭಿಪ್ರಾಯವೂ ಇತ್ತು. ಆ ಚರ್ಚೆ ನಾಲ್ಕು ದಶಕದಿಂದ ನಡೀತಿದೆ. ನಮ್ಮದು ಒಂದು ಗಂಟೆಯಲ್ಲಿ ಮುಗಿಯುತ್ತೆ.

ನಾಳೆ ಸಂಜೆ ನಮ್ಮ ರಿಪೋರ್ಟರ್‌ಗಳು ಎಲ್ಲಾ ಪೆಂಡಾಲಿನಿಂದ ಲೈವ್ ಬರ್ತಾರೆ. ಡೆಸಿಬಲ್ ಮೀಟರ್ ಒಂದನ್ನ ಕೊಟ್ಟು ಕಳಿಸ್ತಿದ್ದೀನಿ. ಬಾಕ್ಸಿನ ಮುಂದೆ ಎಷ್ಟು, ಹತ್ತು ಹೆಜ್ಜೆ ಹಿಂದೆ ಎಷ್ಟು, ನಿಮಗೇ ತೋರಿಸ್ತೀವಿ. ಅದೇ ಮೀಟರನ್ನ ನಮ್ಮ ಸ್ಟುಡಿಯೋದಲ್ಲೂ ಇಡಿ ಅಂತ ಒಬ್ಬ ಹುಡುಗ ಅಂದ. ಇಡ್ತೀವಿ.

ಇಯರ್‌ಪೀಸನ್ನ ಎಡಗಿವಿಗೆ ಹಾಕಿದ್ದೀನಿ ಈಗ, ವಾಲ್ಯೂಮ್ ಅರ್ಧಕ್ಕೆ ಇಳಿಸಿದ್ದೀನಿ. ಪ್ರೊಡ್ಯೂಸರ್ ಏನೋ ಹೇಳ್ತಿದ್ದಾರೆ, ಬ್ರೇಕ್ ಅಂತ ಇರಬೇಕು. ಒಂದು ಸಣ್ಣ ಬ್ರೇಕ್ ತಗೊಳ್ಳೋಣ.