ಏಳನೆಯ ತ್ರಿಕೋನ

ಹಂಗಳದ ಹಿರಿಯರೇ, ಗಣಿತದ ಮೇಷ್ಟ್ರುಗಳೇ, ಮಾದರಿ ಮಾಡಿ ಬೆರಳಿಗೆಲ್ಲ ಗೋಂದು ಮೆತ್ತಿಕೊಂಡಿರುವ ಮಕ್ಕಳೇ,

ದೀಪ ಹಚ್ಚಿದ್ದಾಯಿತು. ಉದ್ಘಾಟಕರ ಮಾತು ಮುಗಿಯುವ ತನಕ ಯಾರೂ ಪ್ರದರ್ಶನದ ಒಳಗೆ ಹೋಗಬಾರದೆಂಬ ನಿಯಮ ಯಾರು ಮಾಡಿದರೋ! ಬೇಗ ಮುಗಿಸುತ್ತೇನೆ.

ಬಾಗಿಲ ಪಕ್ಕದ ಮೇಜಿನ ಮೇಲೆ ಕಾಗದದ ತ್ರಿಕೋನಗಳಿವೆ. ಸಮಬಾಹು ತ್ರಿಕೋನಗಳನ್ನು ಒಂದು ಮೂಲೆಗೆ ಆರರಂತೆ ಅಂಟಿಸಿದರೆ ಚಪ್ಪಟೆಯಾಗಿ ಕೂರುತ್ತವೆ. ಐದಾದರೆ ಉಬ್ಬುತ್ತದೆ. ಏಳನೆಯದನ್ನು ತುರುಕಿ ನೋಡಿ: ಕಾಗದ ಒಂದೆಡೆ ಏಳುತ್ತದೆ, ಇನ್ನೊಂದೆಡೆ ಇಳಿಯುತ್ತದೆ, ಎಷ್ಟು ಒತ್ತಿದರೂ ಮಲಗುವುದಿಲ್ಲ. ಇದೇ ಋಣ ವಕ್ರತೆ. ಗೋಪಾಲಸ್ವಾಮಿ ಬೆಟ್ಟದ ಬಸ್ಸಿನ ಕಿಟಕಿಯಿಂದ ಎರಡು ಗುಡ್ಡ ಕೂಡುವ ತಗ್ಗನ್ನು ನೋಡಿ, ಅಲ್ಲೂ ಇದೆ: ಎಡಬಲಕ್ಕೆ ಏರು, ಹಿಂದುಮುಂದಕ್ಕೆ ಇಳಿಜಾರು.

ಅಂಚೇ ಇಲ್ಲದ ಮುಚ್ಚಿದ ಆಕಾರವೊಂದನ್ನು ಎಲ್ಲ ಕಡೆಯೂ ಹೀಗೆಯೇ ಬಾಗಿಸಬಹುದೇ? ಉತ್ತರಕ್ಕೆ ಅಳತೆಪಟ್ಟಿ ಬೇಡ, ದಾರ ಸಾಕು. ಉದ್ದಿನ ವಡೆಯಂಥ ಮೈಮೇಲೆ ಒಂದು ಚುಕ್ಕೆಯಿಂದ ಹೊರಟು ಅಲ್ಲಿಗೇ ಮರಳುವ ಎರಡು ಕುಣಿಕೆ ಹಾಕಿ. ಒಂದು ತೂತನ್ನು ಬಳಸಿ ಬರಲಿ, ಇನ್ನೊಂದು ತೂತಿನೊಳಗೆ ನುಗ್ಗಿ ಬರಲಿ. ಯಾವುದನ್ನು ಮೊದಲು ಸುತ್ತಿದರೂ ಅಷ್ಟೆ. ದಾರವನ್ನು ಮೈಮೇಲೇ ಜಾರಿಸಿ ಒಂದು ಕ್ರಮವನ್ನು ಇನ್ನೊಂದಕ್ಕೆ ತರಬಹುದು. ಇಂಥ ಕುಣಿಕೆಗಳ ಲೆಕ್ಕವೇ ಫಂಡಮೆಂಟಲ್ ಗ್ರೂಪ್. 1895ರಲ್ಲಿ ಗಣಿತಜ್ಞ ಪೊಯಾಂಕರೆ ಕೊಟ್ಟದ್ದು. ಎಲ್ಲೆಡೆ ಋಣ ವಕ್ರತೆಯಿರುವ ಮುಚ್ಚಿದ ಆಕಾರದಲ್ಲಿ, ಆಯಾಮ ಎಷ್ಟೇ ಇರಲಿ, ಹೀಗೆ ಅದಲುಬದಲಾಗುವ ಕುಣಿಕೆಗಳು ಒಂದೇ ಮೂಲ ಕುಣಿಕೆಯನ್ನು ಮತ್ತೆ ಮತ್ತೆ ಸುತ್ತಿದವೇ ಆಗಿರಬೇಕು ಎಂದು ಪ್ರೈಸ್‌ಮನ್ 1940ರ ದಶಕದಲ್ಲಿ ಸಾಧಿಸಿದ. ವಡೆಯ ಕುಣಿಕೆಗಳು ಹಾಗಿಲ್ಲ, ಆದ್ದರಿಂದ ವಡೆಗೆ ಆ ಬಾಗು ಒಲಿಯದು. ಎರಡು ತೂತಿದ್ದರೆ ಒಲಿಯುತ್ತದೆ. ಅದೂ ಮೈಮೇಲಿನ ಅಳತೆಯ ಮಟ್ಟಿಗೆ ಮಾತ್ರ. ನಮ್ಮ ಮೂರು ಆಯಾಮದ ಜಾಗದಲ್ಲಿ ಅಂಥದ್ದನ್ನು ಎಲ್ಲೆಡೆ ನಯವಾಗಿ ಹಾಗೆಯೇ ಬಾಗಿಸಿ ಮೇಜಿನ ಮೇಲಿಡಲಾಗದು. ಮೇಷ್ಟ್ರುಗಳನ್ನು ಪೀಡಿಸಬೇಡಿ.

1968ರಲ್ಲಿ ಮಾಸ್ಟೊ ಇನ್ನೂ ದೂರ ಹೋದ. ವಕ್ರತೆ ಎಲ್ಲೆಡೆ ಒಂದೇ ಋಣ ಬೆಲೆಯದಾಗಿದ್ದು, ಆಯಾಮ ಮೂರು ಅಥವಾ ಹೆಚ್ಚಿದ್ದರೆ, ಕುಣಿಕೆಗಳ ಲೆಕ್ಕವೊಂದೇ ಸಾಕು: ಉದ್ದ, ಕೋನ, ಗಾತ್ರ ಎಲ್ಲ ತೀರ್ಮಾನವಾದಂತೆ. ಮುಚ್ಚಿರದಿದ್ದರೂ ಗಾತ್ರ ಮಿತಿಯಲ್ಲಿರುವ ಆಕಾರಗಳಿಗೆ ಇದನ್ನು ವಿಸ್ತರಿಸಿದವರಲ್ಲಿ ನಮ್ಮ ದೇಶದ ಗೋಪಾಲ್ ಪ್ರಸಾದ್ ಪ್ರಮುಖರು, 1973ರಲ್ಲಿ.

ನನಗೆ ಮಾತ್ರ ಕುಣಿಕೆ ಲೆಕ್ಕದ ಈ ಹಿಡಿತ ಸಡಿಲವಾಗುವ ಜಾಗವೇ ಹೆಚ್ಚು ಇಷ್ಟ. ಬೆಂಗಳೂರಿನ ಸಿ. ಎಸ್. ಅರವಿಂದ ಅವರು ಎಫ್. ಟಿ. ಫ್ಯಾರೆಲ್ ಜೊತೆಗೂಡಿ 2003ರಲ್ಲಿ ಪ್ರಕಟಿಸಿದ ಕೆಲಸದಲ್ಲಿ 16 ಆಯಾಮದ ಆಕಾರಗಳ ಜೋಡಿಗಳಿವೆ. ಎರಡಕ್ಕೂ ಋಣ ವಕ್ರತೆ, ಎರಡಕ್ಕೂ ಒಂದೇ ಕುಣಿಕೆ ಲೆಕ್ಕ. ಹಿಗ್ಗಿಸಿ ಕುಗ್ಗಿಸಿ ಒಂದನ್ನು ಇನ್ನೊಂದಾಗಿಸಬಹುದು. ಎಲ್ಲೂ ಮುರುಕಿಲ್ಲದಂತೆ ನಯವಾಗಿ ಮಾತ್ರ ಆಗುವುದೇ ಇಲ್ಲ. 2010ರ ಆಗಸ್ಟ್‌ನಲ್ಲಿ, ಹೈದರಾಬಾದಿನ ಗಣಿತಜ್ಞರ ಮಹಾಸಮ್ಮೇಳನದ ಹೊತ್ತಿಗೆ, ಬೆಂಗಳೂರಿನಲ್ಲಿ ಋಣ ವಕ್ರತೆಗೆಂದೇ ಒಂದು ಉಪಸಮ್ಮೇಳನ ನಡೆಯಿತು. ಅದರಿಂದ ಹುಟ್ಟಿದ ಪುಸ್ತಕದ ಸಂಪಾದಕರಲ್ಲಿ ಅರವಿಂದ, ಫ್ಯಾರೆಲ್ ಇಬ್ಬರೂ ಇದ್ದಾರೆ. ಊಟಿ ರಸ್ತೆಯ ಪಕ್ಕ ಕೂತ ನಮಗೆ ಅದೇನೂ ಪರದೇಶದ ವಿಷಯವಲ್ಲ.

ದೊಡ್ಡ ತರಗತಿಯವರಿಗೆ ಒಂದು ಕೆಲಸ ಕೊಡುತ್ತೇನೆ. ಎರಡು ತೂತಿನ ಮಾದರಿಯ ಮೇಲೆ ಅದಲುಬದಲಾಗದ ಜೋಡಿ ಕುಣಿಕೆಗಳನ್ನು ಹುಡುಕಿ. ದಾರ ಕತ್ತರಿಸುವಂತಿಲ್ಲ, ಮೈಯಿಂದ ಎತ್ತುವಂತೆಯೂ ಇಲ್ಲ. ಪ್ರದರ್ಶನ ಉದ್ಘಾಟನೆಯಾಗಿದೆ, ಒಳಗೆ ನಡೆಯಿರಿ.